ಅಕ್ಕೋರ ಪೆಟ್ಟಿಗೆಯಲ್ಲಿ ನಾನು ಕಟ್ಟಿದ ತಂತಿ

ಯುಗಾದಿಗೆ ಇನ್ನೊಂದು ವಾರವಿರುವಾಗ ವಿನಿಫ್ರೆಡ್ ಅವರ ಅಂತ್ಯಕ್ರಿಯೆ ಆಯಿತು. ಬಂದವರು ಇಪ್ಪತ್ತು ಜನರಿಗಿಂತ ಹೆಚ್ಚಿರಲಿಲ್ಲ. ನಾನು ಮತ್ತು ಮೊಮ್ಮಗಳು ಇಶಾ ಕೊನೆಯ ಸಾಲಿನಲ್ಲಿ ಕೂತಿದ್ದೆವು. ಒಂದು ಕಾಲಕ್ಕೆ ನಮ್ಮ ಪ್ರಯೋಗಾಲಯದಲ್ಲಿ ತರುಣ ಎಂಜಿನಿಯರ್ ಆಗಿದ್ದ ಪೀಟರ್, ಈಗ ಕೋಲು ಹಿಡಿದು ನಡೆಯುವವರು, ಎದ್ದು ನಿಂತು ನಾಲ್ಕು ಮಾತಾಡಿದರು. ಮನುಷ್ಯ ಕಂಪ್ಯೂಟರಿನ ಎದುರಿಗೆ ಕೂತು, ಕೇಳಿದ್ದಕ್ಕೆ ಅಲ್ಲೇ ಉತ್ತರ ಪಡೆಯಬಹುದು ಎಂದು ಬಹಳ ಮಂದಿ ನಂಬದಿದ್ದ ಕಾಲದಲ್ಲಿ ವಿನಿಫ್ರೆಡ್ ಅದನ್ನು ಮಾಡಿ ತೋರಿಸಿದರು ಎಂದರು. ಒಂದು ಊರಿನ ಯಂತ್ರ ಇನ್ನೊಂದು ಊರಿನ ಯಂತ್ರದೊಂದಿಗೆ ಟೆಲಿಫೋನ್ ತಂತಿಯ ಮೇಲೆ ಮಾತಾಡುವ ಹಾಗೆ ಮಾಡಿದವರಲ್ಲೂ ಅವರು ಮೊದಲಿಗರು ಎಂದರು. ಎಲ್ಲವೂ ನಿಜ. ಕೊನೆಗೆ ದನಿ ತಗ್ಗಿಸಿ, "ಆಸ್ಪತ್ರೆಯ ಪ್ರಯೋಗದಲ್ಲಿ ಅವರ ವಿನ್ಯಾಸದ ಆ ಒಂದು ತಪ್ಪು ಆಗದೇ ಇದ್ದಿದ್ದರೆ ಇವತ್ತು ಅವರ ಹೆಸರು ಎಲ್ಲರಿಗೂ ಗೊತ್ತಿರುತ್ತಿತ್ತು" ಎಂದರು.

ಇಶಾ ನನ್ನ ಮೊಣಕೈ ಮುಟ್ಟಿದಳು. "ಅಜ್ಜಿ, ವೈ ಆರ್ ಯೂ ಶೇಕಿಂಗ್ ಯುವರ್ ಹೆಡ್?"

ನಾನು ತಲೆ ಅಲ್ಲಾಡಿಸುತ್ತಿದ್ದುದು ನನಗೇ ಗೊತ್ತಿರಲಿಲ್ಲ. ಆ ತಪ್ಪು ವಿನಿಫ್ರೆಡ್ ಅವರದಲ್ಲ, ನನ್ನದು. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಅದನ್ನು ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ಇಬ್ಬರ ಮುಂದೆ ಬಿಟ್ಟು. ಒಬ್ಬರು ನಮ್ಮ ಮನೆಯವರು. ಇನ್ನೊಬ್ಬರು ಅಂದು ಎದುರಿಗೆ ಶವಪೆಟ್ಟಿಗೆಯಲ್ಲಿ ಮಲಗಿದ್ದ ವಿನಿಫ್ರೆಡ್.

ಇಲ್ಲಿ ಲಂಡನ್ನಿನ ಕನ್ನಡದ ಮಂದಿ ಹೊರತರುವ ಸಂಚಿಕೆಗೆ, ಕಂಪ್ಯೂಟರ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗಾಗಿ ನಿಮ್ಮ ಕೆಲಸದ ಬಗ್ಗೆ ಬರೆಯಿರಿ ಎಂದು ಎರಡು ವರ್ಷದಿಂದ ಕೇಳುತ್ತಿದ್ದರು. ನಾನು ಕಲಿತದ್ದು ಎಸ್ಸೆಸ್ಸೆಲ್ಸಿ, ಏನು ಬರೆಯಲಿ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಈಗ ಬರೆಯುತ್ತಿದ್ದೇನೆ. ಇಶಾಳ ಮಾತು ಬಿಟ್ಟು, ಇಂಗ್ಲಿಷಿನಲ್ಲಿ ಆಡಿದ ಮಾತುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ನನ್ನ ನೆನಪಿನಲ್ಲಿ ಅವು ಹಾಗೆಯೇ ಇವೆ.

ಊರು ಧಾರವಾಡ. ಹುಬ್ಬಳ್ಳಿಯಲ್ಲಿ ರೇಡಿಯೋ ಜೋಡಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಎರಡು ವರ್ಷ ಬೆಸುಗೆ ಹಾಕುವ ಕೆಲಸ ಮಾಡಿದ್ದೆ. ಮದುವೆಯಾಗಿ ಲಂಡನ್ನಿಗೆ ಬಂದೆ. ಮನೆಯವರು ನೆಲದಡಿಯ ಟ್ಯೂಬ್ ರೈಲಿನ ಡಿಪೋದಲ್ಲಿ ಫಿಟ್ಟರ್. ಮಗಳು ಶೈಲಾ ಶಾಲೆಗೆ ಹೋಗತೊಡಗಿದ ಮೇಲೆ, ಒಂದು ಪ್ರಯೋಗಾಲಯದಲ್ಲಿ ವೈರಿಂಗ್ ಕೆಲಸಕ್ಕೆ ಚುರುಕು ಕೈಯವರು ಬೇಕು ಎಂಬ ಚೀಟಿ ನೋಡಿ ಹೋದೆ. ಅಲ್ಲಿಯ ಮೇಸ್ತ್ರಿ ಡಾಬ್ಸ್ ಎಂಬವರು. ನನ್ನ ಸೀರೆ, ಅದರ ಮೇಲಿನ ಕಾರ್ಡಿಗನ್, ಕಾಲಿನ ಉಣ್ಣೆಯ ಕಾಲುಚೀಲ ಎಲ್ಲವನ್ನೂ ಒಂದೊಂದಾಗಿ ನೋಡಿದರು. ಸುಶೀಲಾ ಎಂಬ ನನ್ನ ಹೆಸರನ್ನು ಕೇಳಿದ ಕೂಡಲೇ ಶೀಲಾ ಮಾಡಿಬಿಟ್ಟರು.

"ಹಿಂದೆ ಏನು ಬೆಸೆದಿದ್ದೀಯ, ಶೀಲಾ?"

"ರೇಡಿಯೋ."

"ಇದು ರೇಡಿಯೋ ಅಲ್ಲ."

"ತಂತಿ ತಂತಿಯೇ ಅಲ್ಲವೇ ಸರ್?"

ಹಿಂದಿನಿಂದ ಯಾರೋ ನಕ್ಕರು. ತಿರುಗಿ ನೋಡಿದರೆ ಎತ್ತರದ ಹೆಂಗಸು, ಕೂದಲಲ್ಲಿ ಒಂದು ಪೆನ್ಸಿಲ್ಲು, ಬಾಯಲ್ಲಿ ಇನ್ನೊಂದು. ಅವರೇ ಡಾಕ್ಟರ್ ವಿನಿಫ್ರೆಡ್. ನಲವತ್ತು ತಂತಿಗಳ ಒಂದು ಬೋರ್ಡು ಕೊಟ್ಟು ಕಟ್ಟಲು ಹೇಳಿದರು. ತಂತಿಗಳನ್ನು ಒಟ್ಟು ಮಾಡಿ ಮೇಣದ ದಾರದಿಂದ ಗಂಟು ಹಾಕುತ್ತ ಹೋಗಬೇಕು. ನಾನು ಮುಗಿಸಿದ ಮೇಲೆ ಅವರು ಬೆರಳಿನಿಂದ ಗಂಟುಗಳ ಮೇಲೆ ಸವರಿ, ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು. ಮಲ್ಲಿಗೆ ದಂಡೆ ಕಟ್ಟುತ್ತ ಕಲಿತದ್ದು ಎಂದೆ. ಡಾಬ್ಸ್ ಮುಖ ಸಿಂಡರಿಸಿದರು. ವಿನಿಫ್ರೆಡ್ "ಸೋಮವಾರದಿಂದ ಬನ್ನಿ, ಸುಶೀಲಾ" ಎಂದರು. ನನ್ನ ಹೆಸರನ್ನು ಇಡಿಯಾಗಿ ಹೇಳಿದವರು ಆ ಕಟ್ಟಡದಲ್ಲಿ ಅವರೊಬ್ಬರೇ.

ಎಲ್ಲರೂ ಅವರನ್ನು ವಿನ್ ಎಂದೇ ಕರೆಯಬೇಕು, ಅದು ಅವರ ಕಟ್ಟಪ್ಪಣೆ. ನನ್ನ ನಾಲಿಗೆ ಸುಲಭಕ್ಕೆ ಹೊರಳಲಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಅವರ ಎದುರಿಗೆ ವಿನ್, ಮನೆಯಲ್ಲಿ ಅಕ್ಕೋರು. ಹಾಗೇ ಉಳಿಯಿತು.

ಈಗಿನವರಿಗೆ ಆ ಕಾಲದ ಕಂಪ್ಯೂಟರು ಹೇಗಿತ್ತು ಎಂದು ಹೇಳಬೇಕು. ಅದೊಂದು ಬಾಗಿಲು ಹಾಕಿದ ಕೋಣೆ. ನಿಮ್ಮ ಲೆಕ್ಕವನ್ನು ರಂಧ್ರ ಹೊಡೆದ ಕಾರ್ಡುಗಳಲ್ಲಿ ಕಿಟಕಿಯ ಬಳಿ ಕೊಟ್ಟು ಬರಬೇಕು. ಮರುದಿನ ಹೋದರೆ ಕಾಗದದ ಸುರುಳಿ ಕೊಡುತ್ತಾರೆ. ಎಲ್ಲೋ ಒಂದು ಅಲ್ಪವಿರಾಮ ತಪ್ಪಿದ್ದರೆ ಮತ್ತೆ ಮೊದಲಿನಿಂದ. "ಇದು ಉತ್ತರ ಪಡೆಯುವುದಲ್ಲ, ಅರ್ಜಿ ಸಲ್ಲಿಸುವುದು" ಎನ್ನುತ್ತಿದ್ದರು ಅಕ್ಕೋರು. ಅವರ ಆಸೆ ಒಂದೇ. ಯಂತ್ರ ಬಳಸುವವರ ಮುಂದೆ ಒಂದು ಪರದೆ, ಒಂದು ಕೀಲಿಮಣೆ ಇರಬೇಕು. ಕೇಳಿದ ಕೂಡಲೇ ಅದು ಹೇಳಬೇಕು. ಹತ್ತು ಜನ ಒಟ್ಟಿಗೆ ಕೇಳಿದರೂ ಪ್ರತಿಯೊಬ್ಬರಿಗೂ ಅದು ತಮ್ಮೊಬ್ಬರದೇ ಎನ್ನಿಸಬೇಕು. ಪ್ರಯೋಗಾಲಯದ ದೊಡ್ಡವರು ಅವರಿಗೆ, ಯಂತ್ರದ ಹೊತ್ತು ಬೆಲೆಯುಳ್ಳದ್ದು, ಮನುಷ್ಯ ಕಾಯಬಹುದು ಎನ್ನುತ್ತಿದ್ದರು. ಅದಕ್ಕೆ ಅಕ್ಕೋರು ವಾದಕ್ಕೆ ಇಳಿಯುತ್ತಿರಲಿಲ್ಲ. ಮರುದಿನ ತಂತಿ ಜೋಡಿಸುವ ಇನ್ನೊಂದು ಚಿತ್ರ ಬರೆದು ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದರು.

ಮೊದಲ ಪರದೆಗೆ ಜೀವ ಬಂದ ದಿನ ಎಂಜಿನಿಯರುಗಳೆಲ್ಲ ಸುತ್ತ ನಿಂತಿದ್ದರು. ಅಕ್ಕೋರು ಅವರನ್ನೆಲ್ಲ ಬಿಟ್ಟು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ನಿಮ್ಮ ಹೆಸರು ಬರೆಯಿರಿ ಎಂದರು. ಬರೆದೆ. ಯಂತ್ರ ಒಂದು ಪ್ರಶ್ನಾರ್ಥಕ ಚಿಹ್ನೆ ಮೂಡಿಸಿ ಸುಮ್ಮನಾಯಿತು. ಇನ್ನೊಮ್ಮೆ ಬರೆದೆ, ಮತ್ತೆ ಅದೇ. ನಾನು ಎದ್ದುಬಿಟ್ಟೆ.

"ಯಾಕೆ ಎದ್ದಿರಿ?" ಎಂದರು.

"ಅದು ನನ್ನನ್ನು ನೋಡಿ ಹುಬ್ಬು ಏರಿಸಿತು. ಸರ್ಕಾರಿ ಕಚೇರಿಯ ಗುಮಾಸ್ತನ ಹಾಗೆ."

ಪೀಟರ್, "ಅವರು ಮೊದಲು ಆದೇಶದ ಅಕ್ಷರ ಒತ್ತಬೇಕಿತ್ತು, ತಪ್ಪು ಅವರದು" ಎಂದರು. ಅಕ್ಕೋರು ಕೂದಲಿನ ಪೆನ್ಸಿಲ್ ತೆಗೆದು ಏನೋ ಬರೆದುಕೊಂಡರು. ಆಮೇಲೆ ಹೇಳಿದರು: "ಬಳಸುವವರ ತಪ್ಪು ಅಂತ ಒಂದು ಇಲ್ಲ, ಪೀಟರ್. ಅವರು ತಪ್ಪು ಮಾಡಲು ದಾರಿ ಬಿಟ್ಟವರು ನಾವು." ಒಂದು ವಾರದಲ್ಲಿ ಆ ಯಂತ್ರ ತನಗೆ ಏನು ತಿಳಿಯಲಿಲ್ಲ, ಏನು ಬೇಕು ಎಂದು ಪೂರ್ತಿ ವಾಕ್ಯದಲ್ಲಿ ಹೇಳತೊಡಗಿತು. ಈಗ ನಿಮ್ಮ ಫೋನು ನಿಮಗೆ ಮರ್ಯಾದೆಯಿಂದ ಉತ್ತರ ಕೊಟ್ಟರೆ ನನಗೆ ಆ ಪೆನ್ಸಿಲ್ ನೆನಪಾಗುತ್ತದೆ.

ಆ ದಿನದ ನಂತರ ಅವರು ಒಂದು ನಿಯಮ ಮಾಡಿದರು. ಹೊಸಬರು ಯಂತ್ರದ ಮುಂದೆ ಕೂತಾಗ ನಮ್ಮವರು ಪಕ್ಕದಲ್ಲಿ ನಿಲ್ಲಬೇಕು, ಎರಡೂ ಕೈ ಕಿಸೆಯಲ್ಲಿರಬೇಕು. ಕೇಳಿದ್ದಕ್ಕೆ ಬಾಯಿಂದ ಉತ್ತರ ಕೊಡಬಹುದು. ಕೀಲಿಯನ್ನು ಮುಟ್ಟುವಂತಿಲ್ಲ. ಗಂಡಸರಿಗೆ ಪ್ಯಾಂಟಿನ ಕಿಸೆ ಇತ್ತು. ಡಾಬ್ಸ್ ನನಗೆ ಕೊಟ್ಟ ಬಿಳಿ ಕೋಟು ಹಳೆಯದು, ಕಿಸೆಗಳು ಹರಿದು ಕೈ ಹಾಕಿದರೆ ಸೀರೆಯ ನೆರಿಗೆಗೆ ತಾಗುತ್ತಿತ್ತು. ಮನೆಯಲ್ಲಿ ಹಳೆಯ ದಿಂಬಿನ ಚೀಲ ಕತ್ತರಿಸಿ ಎರಡು ಆಳವಾದ ಕಿಸೆ ಹೊಲಿದೆ. ಮುಂದೆ ಆಸ್ಪತ್ರೆಯೊಂದರ ನರ್ಸೊಬ್ಬಳು ಕಲಿಯಲು ಬಂದಾಗ, ಅವಳು ತಪ್ಪು ಕೀಲಿಯ ಮೇಲೆ ಬೆರಳು ಇಡುತ್ತಿದ್ದಂತೆ ನನ್ನ ಕೈ ತಾನಾಗಿ ಹೊರಬಂತು. ಕೋಣೆಯ ಆಚೆ ತುದಿಯಿಂದ ಅಕ್ಕೋರ ದನಿ ಬಂತು. "ಕೈ." ಅಷ್ಟೇ. ನರ್ಸು ತಪ್ಪು ಒತ್ತಿದಳು, ಓದಿದಳು, ತಾನೇ ತಿದ್ದಿಕೊಂಡಳು, ನನ್ನ ಕಡೆ ನೋಡಿ ನಕ್ಕಳು. ಆ ನಗುವನ್ನು ನಾನು ಅವಳಿಂದ ಕಸಿಯಲಿದ್ದೆ ಎಂದು ಆಗ ತಿಳಿಯಿತು. ಈ ಕೆಲಸಕ್ಕೆ ಸೇರುವ ಮಕ್ಕಳಿಗೆ ನಾನು ಹೇಳಬಹುದಾದದ್ದು ಇದಕ್ಕಿಂತ ಹೆಚ್ಚಿಲ್ಲ.

ಆಸ್ಪತ್ರೆಯ ಕೆಲಸ ಶುರುವಾದದ್ದು ಹೀಗೆ. ಲಂಡನ್ನಿನ ದಕ್ಷಿಣಕ್ಕೆ ಒಂದು ಆಸ್ಪತ್ರೆ. ಅದರ ರಕ್ತ ಪರೀಕ್ಷೆಯ ವಿಭಾಗ ಒಂದು ಕಟ್ಟಡದಲ್ಲಿ, ವಾರ್ಡುಗಳು ಎರಡು ಮೈಲಿ ಆಚೆ ಇನ್ನೊಂದರಲ್ಲಿ. ಪರೀಕ್ಷೆಯ ಫಲ ವ್ಯಾನಿನಲ್ಲಿ ಹೋಗಬೇಕಿತ್ತು. ಟೆಲಿಫೋನ್ ತಂತಿಯ ಮೇಲೆ ಕಳಿಸೋಣ ಎಂದರು ಅಕ್ಕೋರು. ಸಂದೇಶವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದಕ್ಕೂ ನಂಬರು ಹಾಕಿ ಕಳಿಸುವುದು. ಎರಡೂ ಕಡೆ ಪೆಟ್ಟಿಗೆಯಂಥ ಒಂದೊಂದು ಯಂತ್ರ. ಆ ಕಡೆಯ ಪೆಟ್ಟಿಗೆ ಅವನ್ನು ಜೋಡಿಸಿ ಕಾಗದದ ಮೇಲೆ ಅಚ್ಚು ಮಾಡುವುದು. ಒಂದೊಂದು ತುಂಡು ಸಿಕ್ಕಾಗಲೂ ಆ ಕಡೆಯಿಂದ "ಸಿಕ್ಕಿತು" ಎಂಬ ಸಂಕೇತ ಬರಬೇಕು. ಬರದಿದ್ದರೆ ಈ ಕಡೆಯದು ಅದೇ ತುಂಡನ್ನು ಮತ್ತೆ ಕಳಿಸಬೇಕು.

ಚಿತ್ರ ನೋಡಿ ನನಗೆ ಅರ್ಥವಾಗಿರಲಿಲ್ಲ. ಶಾಲೆಗೆ ರಜೆ ಬಿದ್ದ ಒಂದು ದಿನ ಶೈಲಾಳನ್ನು ನೋಡಿಕೊಳ್ಳುವವರಿಲ್ಲದೆ ಜೊತೆಗೆ ಕರೆದೊಯ್ದಿದ್ದೆ. ನನ್ನ ಮೇಜಿನ ಕೆಳಗೆ ಕೂರಿಸಿ, ತಂತಿ ಕಟ್ಟುತ್ತ ಒಂದು ನರಿಯ ಕಥೆ ಹೇಳುತ್ತಿದ್ದೆ. ಅವಳು ಕೆಳಗಿನಿಂದ "ಹೂಂ", "ಹೂಂ" ಎನ್ನುತ್ತಿದ್ದಳು. ಅಕ್ಕೋರು ಬಂದು ಬಗ್ಗಿ ನೋಡಿದರು.

"ಏನು ಹೇಳುತ್ತಿದ್ದಾಳೆ?"

"ಹೂಂಗುಟ್ಟುತ್ತಿದ್ದಾಳೆ. ಕೇಳುತ್ತಿದ್ದೇನೆ, ಮುಂದೆ ಹೇಳು ಅಂತ. ನಮ್ಮಲ್ಲಿ ಕಥೆ ಕೇಳುವವರು ಹೀಗೆ ಅನ್ನಲೇಬೇಕು."

"ಅನ್ನದಿದ್ದರೆ?"

"ಕಥೆ ನಿಲ್ಲುತ್ತದೆ. ಎಲ್ಲಿಂದ ಬಿಟ್ಟಳೋ ಅಲ್ಲಿಂದ ಮತ್ತೆ ಹೇಳಬೇಕು."

ಅಕ್ಕೋರು ಚಿತ್ರವನ್ನು ನನ್ನ ಮುಂದೆ ಹರಡಿ ಒಂದು ಗೆರೆಯ ಮೇಲೆ ಬೆರಳಿಟ್ಟರು. "ಇದು ನಿಮ್ಮ ಮಗಳು" ಎಂದರು. ನನಗೆ ಒಮ್ಮೆಲೇ ಹೊಳೆಯಿತು. ಅವರಿಗೆ ಆ ಉಪಾಯ ನನ್ನಿಂದ ಬಂತು ಎಂದು ಯಾರೂ ತಿಳಿಯಬಾರದು. ಚಿತ್ರ ಎಷ್ಟೋ ತಿಂಗಳ ಹಿಂದಿನದು. ನನಗೆ ತಿಳಿಯುವ ಬಾಗಿಲನ್ನು ಹುಡುಕಿ ಅವರು ಒಳಗೆ ಬಂದರು, ಅಷ್ಟೇ. ಆಮೇಲೆ ಇಡೀ ಪ್ರಯೋಗಾಲಯದಲ್ಲಿ ಅದು ಹೂಂ ತಂತಿಯಾಯಿತು. ಡಾಬ್ಸ್ ಕೂಡ ಅದನ್ನು ಎಮ್ಮೆಯ ಹಾಗೆ ಮೂಗಿನಿಂದ ಹೇಳುತ್ತಿದ್ದರು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ವಾರ್ಡಿನ ಕಡೆಯ ಪೆಟ್ಟಿಗೆಯನ್ನು ಕಟ್ಟಿದವಳು ನಾನು. ಅದನ್ನು ಒಯ್ಯುವ ವ್ಯಾನು ಶುಕ್ರವಾರ ಹೊರಡಬೇಕಿತ್ತು. ಹೂಂ ತಂತಿ ಒಂದು ಉಳಿದಿತ್ತು. ನಮ್ಮಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣ, ಹೂಂ ತಂತಿಗೆ ಬಿಳಿ. ಬಿಳಿ ತಂತಿ ಮುಗಿದಿತ್ತು. "ಸೋಮವಾರ ಬರುತ್ತದೆ" ಎಂದರು ಡಾಬ್ಸ್. ತುಂಡು ತಂತಿಗಳನ್ನು ಹಾಕಿಡುತ್ತಿದ್ದ ನನ್ನ ಬಿಸ್ಕತ್ ಡಬ್ಬಿಯಲ್ಲಿ ಹಳದಿಯದೊಂದು ಇತ್ತು. ಅದನ್ನೇ ತೆಗೆದುಕೊಂಡೆ. ಅದು ದೊಡ್ಡ ತಪ್ಪಲ್ಲ. ದೊಡ್ಡದು ಮುಂದಿನದು. ಚಿತ್ರದ ಪ್ರಕಾರ ಆ ತಂತಿ ಹೊರಡಬೇಕಾದದ್ದು ಪೆಟ್ಟಿಗೆಯ ಹಿಂದಿನ ತುದಿಯಿಂದ, ಕಾಗದದ ಮೇಲೆ ಅಚ್ಚಾಯಿತು ಎಂದು ಗೊತ್ತಾಗುವ ಜಾಗದಿಂದ. ಅಲ್ಲಿಂದ ತಂದರೆ ಅದು ನಾನು ಕಟ್ಟಿದ ತಂತಿಗಳ ಇಡೀ ದಂಡೆಯನ್ನು ಅಡ್ಡ ಹಾಯಬೇಕಿತ್ತು. ಮುಂದುಗಡೆ, ಸಂದೇಶ ಒಳಗೆ ಬರುವ ಬಾಗಿಲಲ್ಲೇ, ಇನ್ನೊಂದು ಪಿನ್ನು ಇತ್ತು. ಎರಡರಿಂದಲೂ ಪರೀಕ್ಷಿಸಿದೆ. ಎರಡರಿಂದಲೂ ಹೂಂ ಬಂತು. ಅಂದ ಮೇಲೆ ಎರಡೂ ಒಂದೇ ಎಂದುಕೊಂಡೆ. ಹತ್ತಿರದ ಪಿನ್ನಿಗೆ ಹಾಕಿದೆ. ದಂಡೆ ಅಂದವಾಗಿ ಕೂತಿತು.

ನಿದ್ದೆ ಹತ್ತಿದ ಮಗುವೂ ಹೂಂ ಅನ್ನುತ್ತದೆ. ಕಿವಿಗೆ ಬಿದ್ದಿರುತ್ತದೆ, ಒಳಗೆ ಹೋಗಿರುವುದಿಲ್ಲ. ತಾಯಿಯಾಗಿ ಅದು ನನಗೆ ಗೊತ್ತಿತ್ತು. ತಂತಿ ಕಟ್ಟುವವಳಾಗಿ ಮರೆತೆ.

ಎರಡು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ಒಂದು ದಿನ ವಾರ್ಡಿನ ಯಂತ್ರದಲ್ಲಿ ಕಾಗದ ಸಿಕ್ಕಿಹಾಕಿಕೊಂಡಿತು. ಒಬ್ಬ ಮುದುಕಿಯ ರಕ್ತ ಪರೀಕ್ಷೆಯ ಫಲ ಬೆಳಿಗ್ಗೆ ಬಂತು, ಪೆಟ್ಟಿಗೆ ಹೂಂ ಎಂದಿತು, ಕಾಗದದ ಮೇಲೆ ಏನೂ ಬೀಳಲಿಲ್ಲ. ಕಳಿಸಿದವರು ತಲುಪಿತು ಎಂದು ತಿಳಿದರು. ವಾರ್ಡಿನವರು ಇನ್ನೂ ಬಂದಿಲ್ಲ ಎಂದು ಕಾದರು. ಸಂಜೆ ವೈದ್ಯರೊಬ್ಬರು ಫೋನ್ ಮಾಡಿ ಕೇಳಿದಾಗ ಗೊತ್ತಾಯಿತು. ಅಷ್ಟರಲ್ಲಿ ಆ ಮುದುಕಿಯ ಸ್ಥಿತಿ ಬಹಳ ಕೆಟ್ಟಿತ್ತು. ಬದುಕಿದರು. ಆದರೆ ವಾರಗಟ್ಟಲೆ ಹಾಸಿಗೆ ಹಿಡಿದರು.

ಮರುದಿನ ಅಕ್ಕೋರು ತಮ್ಮ ಮನೆಯಿಂದ ನೇರವಾಗಿ ಅಲ್ಲಿಗೆ ಹೋದರು. ನಾನು ಎರಡು ರೈಲು ಬದಲಿಸಿ ತಲುಪುವಷ್ಟರಲ್ಲಿ ಒಂದು ತಾಸು ತಡವಾಗಿತ್ತು. ಅವರು ಒಳಗೆ ವೈದ್ಯರ ಜೊತೆ ಕೂತಿದ್ದಾರೆ, ನೀವು ವೈರಿಂಗ್ ನೋಡಬೇಕಂತೆ ಎಂದರು ಯಾರೋ. ಪೆಟ್ಟಿಗೆ ಮುಚ್ಚಿತ್ತು. ಬಿಚ್ಚಿದೆ. ಹಳದಿ ತಂತಿ ನೋಡಿದ ಕೂಡಲೇ ಎಲ್ಲ ತಿಳಿಯಿತು. ಕೈ ಚೀಲದಲ್ಲಿ ಬಿಳಿ ತಂತಿಯ ಸುರುಳಿ ಇತ್ತು. ಹತ್ತು ನಿಮಿಷದಲ್ಲಿ ಹಳದಿಯನ್ನು ಕಿತ್ತು, ಬಿಳಿಯದನ್ನು ಸರಿಯಾದ ಜಾಗದಿಂದ ತಂದು ಕಟ್ಟಿದೆ. ಕಾಗದ ತೆಗೆದು ಪರೀಕ್ಷಿಸಿದೆ. ಏನೂ ಅಚ್ಚಾಗಲಿಲ್ಲ, ಪೆಟ್ಟಿಗೆಯೂ ಈಗ ಹೂಂ ಅನ್ನಲಿಲ್ಲ. ಹಳದಿ ತಂತಿ ನಾನು ಹೊಲಿದ ಕಿಸೆಯಲ್ಲಿತ್ತು.

ಅಕ್ಕೋರು ಬಂದರು. "ಏನಾದರೂ ಸಿಕ್ಕಿತೇ, ಸುಶೀಲಾ?"

"ಇಲ್ಲ" ಎಂದೆ.

ಅವರು "ಸರಿ" ಎಂದರು. ವಾಪಸು ಬರುವಾಗ ಸ್ಟೇಷನ್ನಿನ ಕಸದ ಬುಟ್ಟಿಯಲ್ಲಿ ಆ ತಂತಿಯನ್ನು ಹಾಕಿದೆ.

ಮನೆಗೆ ಬಂದು ಮನೆಯವರಿಗೆ ಹೇಳಿದೆ. ಬಡಿಸಿದ ತಟ್ಟೆಯ ಮುಂದೆ ಕೂತು ಅವರು ಕೇಳಿದರು.

"ಅಕ್ಕೋರಿಗೆ ಹೇಳೀಯೇನ?"

"ಇಲ್ಲ."

"ನಾಳೆ ಹೇಳು. ಇವತ್ತ ಉಣ್ಣು."

"ಕೆಲಸದಿಂದ ತೆಗದರ?"

"ತೆಗೀಲಿ. ನನ್ನ ಪಗಾರ ಐತಲ್ಲ. ಆ ಮುದುಕಿ ಮುಖ ನೆನಿಸ್ಕೋ, ಹೇಳಾಕ ಬರ್ತದ."

ನಾಳೆ ಹೇಳಲಿಲ್ಲ. ನಾಡಿದ್ದೂ ಹೇಳಲಿಲ್ಲ. ನನ್ನ ಕೆಲಸ ಆಗ ಕಾಯಂ ಆಗಿರಲಿಲ್ಲ. ಕೆಲಸ ಹೋದರೆ ಎಂಬ ಹೆದರಿಕೆಗಿಂತ, ಡಾಬ್ಸ್ ಮೊದಲ ದಿನ ನೋಡಿದ ಹಾಗೆ ಮತ್ತೆ ನೋಡುತ್ತಾರಲ್ಲ ಎಂಬುದೇ ದೊಡ್ಡದಾಯಿತು. ಭಾನುವಾರ ಹೂವು ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಆ ಮುದುಕಿ ನನ್ನನ್ನು ಅಲ್ಲಿಯ ಕೆಲಸದವಳು ಎಂದುಕೊಂಡು, "ದಿಂಬು ಸ್ವಲ್ಪ ಮೇಲೆ ಮಾಡಮ್ಮ" ಎಂದರು. ಮೇಲೆ ಮಾಡಿ ಬಂದೆ.

ಮುಂದಿನ ವಾರ ಆಸ್ಪತ್ರೆಯವರೂ ನಮ್ಮ ದೊಡ್ಡವರೂ ಸೇರಿ ಸಭೆ ಮಾಡಿದರು. ನಾವು ಕೆಲಸಗಾರರು ಗೋಡೆಗೆ ಒರಗಿ ನಿಂತಿದ್ದೆವು. ಹೇಗಾಯಿತು ಎಂದು ಅಧ್ಯಕ್ಷರು ಕೇಳಿದರು. ಅಕ್ಕೋರು ಎದ್ದು, "ತಪ್ಪು ನನ್ನದು" ಎಂದರು. "ತಂತಿ ತಪ್ಪು ಜಾಗಕ್ಕೂ ಹೋಗಬಹುದಾದಂತೆ ಚಿತ್ರ ಬರೆದವಳು ನಾನು."

ವೈರಿಂಗ್ ತಪ್ಪಾಗಿತ್ತೇ ಎಂದು ಇನ್ನೊಬ್ಬರು ಕೇಳಿದರು.

"ವೈರಿಂಗ್ ಪರೀಕ್ಷಿಸಿದ್ದೇವೆ. ಈಗ ಅದು ಸರಿಯಾಗಿದೆ" ಎಂದರು ಅಕ್ಕೋರು.

ಅದು ಅವರು ಯಾವಾಗಲೂ ಹೇಳುವ ಮಾತೇ, ಬಳಸುವವರ ತಪ್ಪು ಅಂತ ಇಲ್ಲ ಎನ್ನುವ ಹಾಗೆ, ಎಂದು ನಾನು ಸಮಾಧಾನ ಮಾಡಿಕೊಂಡೆ. ಪ್ರಯೋಗವನ್ನು ನಿಲ್ಲಿಸಿದರು. ಪೆಟ್ಟಿಗೆಗಳು ವ್ಯಾನಿನಲ್ಲಿ ವಾಪಸು ಬಂದವು. ಅಕ್ಕೋರ ಕೋಣೆಯನ್ನು ಮಹಡಿಯಿಂದ ಕೆಳಗೆ ಇಳಿಸಿದರು. ಅವರು ಯೋಚಿಸಿದ್ದನ್ನು ಬೇರೆ ಕಡೆ ಬೇರೆಯವರು ಮಾಡಿ ಹೆಸರು ಪಡೆದರು. ಡಾಬ್ಸ್ ನನ್ನ ಮೇಜಿನ ಬಳಿ ಬಂದು ಒಂದು ಕಪ್ ಚಹಾ ಇಟ್ಟರು. "ಮೊದಲ ದಿನ ನಾನು ನಿನ್ನ ಬೇಡ ಅಂದಿದ್ದೆ, ಶೀಲಾ. ನಿನ್ನ ಕೈಯಲ್ಲಿ ತಪ್ಪಿರಲಿಲ್ಲ ನೋಡು" ಎಂದರು. ಆ ಚಹಾ ನಾನು ಕುಡಿಯಲಿಲ್ಲ.

ಅಕ್ಕೋರು ಮಾತ್ರ ಕೆಲಸ ಬಿಡಲಿಲ್ಲ. ಕೆಳಗಿನ ಕೋಣೆಯಲ್ಲಿ ಕೂತು ಆ ಹೂಂ ಅನ್ನೇ ತಿದ್ದಿದರು. ಇನ್ನು ಮೇಲೆ ಆ ಕಡೆಯ ಪೆಟ್ಟಿಗೆ ಬರಿದೇ ಸಿಕ್ಕಿತು ಎಂದರೆ ಸಾಲದು. ಅಚ್ಚಾದ ಕಾಗದದ ಮೇಲಿನ ಕೊನೆಯ ಸಾಲನ್ನು ತಿರುಗಿ ಹೇಳಬೇಕು. "ಹೂಂ ಅಂದರೆ ನಂಬಬೇಡಿ. ಹೇಳಿದ್ದನ್ನು ತಿರುಗಿ ಹೇಳಿಸಿ" ಎಂದು ಗೋಡೆಯ ಮೇಲೆ ಬರೆಸಿದ್ದರು. ನಂತರ ನಾನು ಕಟ್ಟಿದ ಪೆಟ್ಟಿಗೆಗಳೆಲ್ಲ ಹಾಗೆಯೇ ಮಾಡಿದವು. ಉತ್ತರ ಲಂಡನ್ನಿನ ಕೊಲಿಂಡೇಲ್‌ನ ಫ್ಲಾಟಿನಲ್ಲಿ ಕೂತು ಯಾವುದೋ ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುವ ಇಶಾಗೆ ಇದನ್ನು ಹೇಳಿದಾಗ ಅವಳು, "ಅಜ್ಜಿ, ವೀ ಸ್ಟಿಲ್ ಡೂ ದಟ್, ಮೋರ್ ಆರ್ ಲೆಸ್" ಎಂದಳು.

ನಾನು ಅಲ್ಲಿ ಇನ್ನೂ ಎಷ್ಟೋ ವರ್ಷ ದುಡಿದೆ. ಬಡ್ತಿ, ಬದಲಾವಣೆ ಎಲ್ಲ ಆಯಿತು, ಅದನ್ನು ಬರೆಯುವಂಥದ್ದೇನಿಲ್ಲ. ನಿವೃತ್ತಿಯ ನಂತರ ಅಕ್ಕೋರು ಲಂಡನ್ನಿನ ಹ್ಯಾರೋಗೆ, ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ ಬಂದರು. ಯುಗಾದಿಗೆ ಶೇಂಗಾ ಹೋಳಿಗೆ ತಿನ್ನಲು ಬರುತ್ತಿದ್ದರು. ನಮ್ಮ ಮನೆಯವರು ತೀರಿಕೊಂಡಾಗ ಹದಿಮೂರು ದಿನವೂ ಬಂದು ಪಾತ್ರೆ ತೊಳೆದು ಹೋದರು. ಆಗಲೂ ನಾನು ಹೇಳಲಿಲ್ಲ. ಪ್ರತಿ ಸಲ ಬಾಯಿ ತುದಿಗೆ ಬರುತ್ತಿತ್ತು. ಈಗ ಹೇಳಿದರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಲ್ಲ ಎಂದು ನುಂಗುತ್ತಿದ್ದೆ. ಹೇಳಬೇಕಾದದ್ದು ಉದ್ದವಾಗುತ್ತ ಹೋಯಿತು.

ಎರಡು ವರ್ಷದ ಹಿಂದೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಅವರನ್ನು ನೋಡಿಕೊಳ್ಳುತ್ತಿದ್ದ ವೃದ್ಧರ ಕೇರ್ ಹೋಮಿಗೆ ನಾನು ವಾರಕ್ಕೆ ಎರಡು ಸಲ ಹೋಗುತ್ತಿದ್ದೆ. ಎಡಗೈಗೆ ವ್ಯಾಯಾಮವಾಗಲಿ, ಏನಾದರೂ ಆರಿಸಲು ಕೊಡಿ ಎಂದರು ಅಲ್ಲಿಯವರು. ನನ್ನ ಬಿಸ್ಕತ್ ಡಬ್ಬಿಯನ್ನು ಒಯ್ದುಕೊಟ್ಟೆ. ಅವರು ಗಂಟೆಗಟ್ಟಲೆ ತುಂಡು ತಂತಿಗಳನ್ನು ಬಣ್ಣದ ಪ್ರಕಾರ ಗುಂಪು ಮಾಡುತ್ತಿದ್ದರು. ನಾನು ಇಡೀ ಬೀದಿಯ ಸುದ್ದಿ ಹೇಳುತ್ತಿದ್ದೆ. ಅವರ ಗಂಟಲಿನಿಂದ ಬರುತ್ತಿದ್ದ ಒಂದೇ ದನಿ, "ಹೂಂ". ಅದು ಲಕ್ವಾ ಉಳಿಸಿದ ದನಿಯೋ, ಶೈಲಾ ಕಲಿಸಿದ್ದೋ ತಿಳಿಯದು.

ಫೆಬ್ರವರಿಯಲ್ಲಿ ಅವರು ಊಟ ಬಿಡತೊಡಗಿದರು. ಇನ್ನು ತಡಮಾಡಿದರೆ ಹೇಳುವವಳು ಇರುತ್ತೇನೆ, ಕೇಳುವವರು ಇರುವುದಿಲ್ಲ ಎನ್ನಿಸಿತು. ಒಂದು ಮಧ್ಯಾಹ್ನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಅವರಿಗೆ ತಿಳಿಯುವ ಹಾಗೆ ಇಂಗ್ಲಿಷಿನಲ್ಲೇ ಹೇಳಿದೆ. ಆಸ್ಪತ್ರೆಯ ಪೆಟ್ಟಿಗೆಯ ಹೂಂ ತಂತಿಯನ್ನು ತಪ್ಪು ಪಿನ್ನಿಗೆ ಹಾಕಿದವಳು ನಾನು. ಅಂದವಾಗಿ ಕಾಣಲಿ ಎಂದು ಹಾಕಿದೆ. ನೀವು ಒಳಗೆ ಕೂತಿದ್ದಾಗ ಬದಲಿಸಿದೆ. ಕೇಳಿದಾಗ ಇಲ್ಲ ಎಂದೆ. ಪ್ರತಿ ಮಾತಿಗೂ ಅವರು "ಹೂಂ" ಎಂದರು. ಕೊನೆಗೂ "ಹೂಂ" ಎಂದರು.

ನನಗೆ ಅಳುವಿಗಿಂತ ಹೆಚ್ಚಾಗಿ ಬಳಲಿಕೆ ಬಂತು. ಈ ಹೂಂ ಯಾವ ಪಿನ್ನಿನದು ಎಂದು ಹೇಗೆ ತಿಳಿಯಲಿ. ಬೀದಿಯ ಸುದ್ದಿಗೂ ಅದೇ ಹೂಂ, ಇದಕ್ಕೂ ಅದೇ. ಎದ್ದು ಕೋಟು ಹಾಕಿಕೊಂಡೆ.

ಡಬ್ಬಿ ಕುಟ್ಟಿದ ಸದ್ದಾಯಿತು. ಅಕ್ಕೋರು ಎಡಗೈಯಿಂದ ತಂತಿಗಳನ್ನು ಕೆದಕುತ್ತಿದ್ದರು. ಕೆಂಪು ಸರಿಸಿದರು. ಬಿಳಿಯದು ಕೈಗೆ ಬಂತು, ಅದನ್ನೂ ಸರಿಸಿದರು. ಹಳದಿಯದೊಂದನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟು ನನ್ನ ಬೆರಳುಗಳನ್ನು ಮಡಿಸಿದರು.

ನಾನು ಅವರಿಗೆ ಬಣ್ಣ ಹೇಳಿರಲಿಲ್ಲ. ಹೂಂ ತಂತಿ ಎಂದರೆ ಬಿಳಿ, ಚಿತ್ರದಲ್ಲೂ ಬಿಳಿ, ಎಲ್ಲ ಪೆಟ್ಟಿಗೆಗಳಲ್ಲೂ ಬಿಳಿ. ಆ ಒಂದೇ ಪೆಟ್ಟಿಗೆಯಲ್ಲಿ ಅದು ಹಳದಿಯಾಗಿತ್ತು. ಅದನ್ನು ತಿಳಿಯಬೇಕಾದರೆ ನಾನು ತಲುಪುವ ಮೊದಲಿನ ಆ ಒಂದು ತಾಸಿನಲ್ಲಿ ಪೆಟ್ಟಿಗೆ ಬಿಚ್ಚಿ ನೋಡಿರಬೇಕು. ನೋಡಿ, ಮುಚ್ಚಿ, ನನಗೆ ಬಿಟ್ಟು ಒಳಗೆ ಹೋಗಿ ಕೂತಿದ್ದರು. ಕೈ ಕಿಸೆಯಲ್ಲಿಟ್ಟುಕೊಂಡು.

ಅವರನ್ನು ಎಷ್ಟು ಮೆಚ್ಚಿದರೂ ಒಂದು ಮಾತನ್ನು ಹೇಳಬೇಕು. ಬಳಸುವವರ ತಪ್ಪು ಎಂಬುದು ಇಲ್ಲದಿರಬಹುದು. ನಾನು ಬಳಸುವವಳಲ್ಲ, ಕಟ್ಟುವವಳು. ಕಟ್ಟುವವಳಿಗೆ ತನ್ನ ತಪ್ಪು ತನ್ನದಾಗಿರಬೇಕು. ಆ ಸಭೆಯಲ್ಲಿ ಅವರು ನನ್ನನ್ನು ತೋರಿಸದೆ ಇದ್ದದ್ದು ದೊಡ್ಡತನ. ಮುಂದಕ್ಕೆ ಬಂದು ಹೇಳದೆ ಇದ್ದದ್ದು ನನ್ನ ಸಣ್ಣತನ. ಎರಡೂ ಇಷ್ಟು ವರ್ಷ ಒಂದೇ ಮೇಜಿನಲ್ಲಿ ಹೋಳಿಗೆ ತಿಂದವು.

ಅಂದು ನಾನು ಹೊರಡುವಾಗ ತಿರುಗಿ ನೋಡಿದೆ. ಅಕ್ಕೋರ ಎಡಗೈ ಕಾರ್ಡಿಗನ್ನಿನ ಕಿಸೆಯಲ್ಲಿತ್ತು. ಮೂರು ವಾರದ ನಂತರ ಹೋದರು.

ಅಂತ್ಯಕ್ರಿಯೆ ಮುಗಿದು ಎಲ್ಲರೂ ಪಕ್ಕದ ಸಭಾಂಗಣದಲ್ಲಿ ಚಹಾಕ್ಕೆ ನಿಂತಿದ್ದಾಗ ಇಶಾಗೆ ಎಲ್ಲ ಹೇಳಿದೆ. ಅವಳ ಕಣ್ಣು ತುಂಬಿತು. "ಐ ಕ್ಯಾನ್ ಟೆಲ್ ಹಿಮ್ ಫಾರ್ ಯೂ, ಅಜ್ಜಿ. ಯೂ ಸಿಟ್" ಎಂದು ಪೀಟರ್ ಕಡೆ ಹೊರಟಳು.

"ಇಶಾ" ಎಂದೆ. "ನೀ ಕೈ ಕಿಸೇದಾಗ ಇಟ್ಕೋ. ನಾನ ಹೇಳ್ತೇನಿ."

ಅವಳು ಕೋಟಿನ ಕಿಸೆಯಲ್ಲಿ ಕೈ ಹಾಕಿ ನನ್ನ ಹಿಂದೆ ನಿಂತಳು. ನಾನು ಪೀಟರ್ ಮುಂದೆ ಹೋಗಿ, ಅಕ್ಕೋರು ಕೊಟ್ಟ ಹಳದಿ ತಂತಿಯನ್ನು ತಟ್ಟೆಯ ಪಕ್ಕದಲ್ಲಿಟ್ಟು, ಮೊದಲಿನಿಂದ ಹೇಳಿದೆ. ಅವರು ಕೋಲಿನ ಮೇಲೆ ಎರಡೂ ಕೈ ಊರಿ ಕೇಳಿದರು. ನಡುನಡುವೆ ಗಂಟಲಲ್ಲೇ "ಹೂಂ" ಎಂದರು. ಮುಗಿದ ಮೇಲೆ, "ಇಷ್ಟು ಹಳೆಯ ವಿಷಯ, ಸುಶೀಲಾ. ಈಗ ಯಾಕೆ" ಎಂದು ನನ್ನ ಭುಜ ತಟ್ಟಲು ಬಂದರು.

"ಹೂಂ ಅಂದರೆ ಸಾಲದು, ಪೀಟರ್" ಎಂದೆ. "ನಾನು ಹೇಳಿದ್ದನ್ನು ತಿರುಗಿ ಹೇಳಿ."

ಅವರು ನನ್ನನ್ನು ನೋಡಿದರು. ಆಮೇಲೆ ತಂತಿಯನ್ನು ನೋಡಿದರು. ಗೋಡೆಯ ಮೇಲಿನ ಆ ಬರಹ ಅವರಿಗೂ ನೆನಪಾಗಿರಬೇಕು. ಕೋಲನ್ನು ಎಡಗೈಗೆ ಬದಲಿಸಿ ನೆಟ್ಟಗೆ ನಿಂತರು.

"ತಂತಿ ಕಟ್ಟಿದ್ದು ಸುಶೀಲಾ" ಎಂದರು. ಪಕ್ಕದಲ್ಲಿದ್ದವರೂ ಮಾತು ನಿಲ್ಲಿಸಿ ತಿರುಗಿದರು. "ತಪ್ಪು ವಿನ್ ಅವರದಲ್ಲ."